ಆ ದಿನ ಕಡಲು ಕೊಟ್ಟದ್ದು

ಕುಮಟೆಯ ಹತ್ತಿರ, ಅಘನಾಶಿನಿ ನದಿ ಕಡಲು ಸೇರುವ ಅಳಿವೆಯ ಬದಿಯ ಒಂದು ಮನೆಯಲ್ಲಿ ನಾಲ್ಕು ದಿನ ಇದ್ದು ಬಂದೆ. ಗೋಕರ್ಣ, ಮುರುಡೇಶ್ವರ, ಯಾಣ ಯಾವುದಕ್ಕೂ ಹೋಗಲಿಲ್ಲ. ಅಷ್ಟು ದೂರ ಹೋಗಿ ಏನು ಮಾಡಿದೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: ಮೀನು ತಿಂದೆ, ನಿದ್ದೆ ಮಾಡಿದೆ.

ಮೊದಲ ಬೆಳಿಗ್ಗೆ ಮೀನು ಮಾರುಕಟ್ಟೆಯಲ್ಲಿ ಅಂಜಲ್ ಕೇಳಿದೆ. ಬಯಲುಸೀಮೆಯ ನಮಗೆ ಗೊತ್ತಿರುವುದು ಅದೊಂದೇ. ಬುಟ್ಟಿಯ ಮುಂದೆ ಕುಳಿತಿದ್ದ ಅಮ್ಮ ಬಂಗಡೆಯೊಂದನ್ನು ಎತ್ತಿ, ಹೆಬ್ಬೆರಳಿನಿಂದ ಕಿವಿರು ಬಿಡಿಸಿ ತೋರಿಸಿದರು. ದಾಸವಾಳದ ಎಸಳಿನಷ್ಟು ಕೆಂಪು. "ಅಂಜಲ್ ಇವತ್ತು ಬಂದಿಲ್ಲ ತಮ್ಮಾ. ಇದು ಈಗಷ್ಟೇ ದಡಕ್ಕೆ ಬಂದದ್ದು, ಇದನ್ನು ತಿನ್ನು."

ಮನೆಯ ಅಕ್ಕ ಕಾಯಿ, ಒಣಮೆಣಸು, ಹುಣಸೆಹಣ್ಣು ಅರೆದು, ಇಲ್ಲಿನ ಮೀನು ಸಾರಿನ ಮಸಾಲೆಕಾಯಿಯಾದ ಜುಮ್ಮನಕಾಯಿಯನ್ನು ಜಜ್ಜಿ ಹಾಕಿ ಅದರ ಸಾರು ಮಾಡಿದರು. ನಾಲಗೆಯ ತುದಿ ಜುಮ್ಮೆಂದಿತು. ಕುಚಲಕ್ಕಿ ಅನ್ನವನ್ನು ಮೂರು ಸಲ ಬಡಿಸಿಕೊಂಡೆ. ಮಧ್ಯಾಹ್ನ ಜಗಲಿಯಲ್ಲಿ ಬಂದ ಅಂಥ ನಿದ್ದೆ ಬೆಂಗಳೂರಿನಲ್ಲಿ ಎಷ್ಟೋ ವರ್ಷಗಳಿಂದ ಬಂದಿರಲಿಲ್ಲ.

ಮರುದಿನ ನೀರು ಇಳಿದಾಗ ಹೆಂಗಸರು, ಗಂಡಸರು ಸೊಂಟದವರೆಗಿನ ನೀರಿನಲ್ಲಿ ನಿಂತು ಕೆಸರಿನಿಂದ ಚಿಪ್ಪಿಕಲ್ಲು, ಅಂದರೆ ತಿನ್ನುವ ಚಿಪ್ಪುಜೀವಿ, ಹೆಕ್ಕುತ್ತಿದ್ದರು. ಇಲ್ಲಿ ಅದು ಬಳಚು. ರಾತ್ರಿ ಅದರದ್ದೇ ಸುಕ್ಕ. ಈ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು ಎಂದು ಓದಿದ್ದೆ. ಅದು ಎಷ್ಟು ಮನೆಗಳ ಒಲೆ ಉರಿಸುತ್ತದೆ ಎಂಬುದು ಆ ದಡದಲ್ಲಿ ನಿಂತಾಗಲೇ ಮನಸ್ಸಿಗೆ ಬಂದದ್ದು.

ಕರಾವಳಿಗೆ ಹೋಗುವ ಗೆಳೆಯರಲ್ಲಿ ನನ್ನದೊಂದು ಬೇಡಿಕೆ. ಮೆನು ಹಿಡಿದು ಅಂಜಲ್, ಪಾಂಫ್ರೆಟ್ ಎಂದು ಹಟ ಮಾಡಬೇಡಿ. ಇವತ್ತು ಏನು ಬಂದಿದೆ ಎಂದು ಕೇಳಿ. ನಾವು ಹಟ ಮಾಡಿದಷ್ಟೂ ದೂರದಿಂದ ಮಂಜುಗಡ್ಡೆಯಲ್ಲಿ ಬಂದ ಮೀನು ತಟ್ಟೆಗೆ ಬೀಳುತ್ತದೆ, ಪಕ್ಕದ ಬುಟ್ಟಿಯ ಬಂಗಡೆ, ತಾರಲಿ ಹಾಗೇ ಉಳಿಯುತ್ತವೆ. ಜೂನ್, ಜುಲೈ ತಿಂಗಳಲ್ಲಿ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ ಅದು. ಮಳೆ ನೋಡಲು ಹೋದವರು ಆಗಲೂ ದೊಡ್ಡ ಮೀನೇ ಬೇಕು ಎಂದು ಸಿಟ್ಟಾಗುವುದನ್ನು ಕಂಡಿದ್ದೇನೆ. ನನಗೆ ತುಂಬ ನೋವಾಗುತ್ತದೆ. ವಿಶ್ರಾಂತಿ ಬೇಕೆಂದು ಹೋದವರು ಕಡಲಿಗೂ ಅದನ್ನು ಕೊಡಬಾರದೇ?

ಕೊನೆಯ ದಿನ ಹಸಿ ಮೀನು ಸಿಗಲಿಲ್ಲ. ಅಕ್ಕ ಗಂಜಿಗೆ ಒಣ ಸಿಗಡಿ ಚಟ್ನಿ ಮಾಡಿದರು. ಉಂಡು ಮಲಗಿದವನು ಎದ್ದಾಗ ಉಬ್ಬರದ ನೀರು ಗಜನಿ ಗದ್ದೆಯ, ಅಂದರೆ ಅಳಿವೆಯಂಚಿನ ಉಪ್ಪುನೀರಿನ ಗದ್ದೆಯ, ಕಟ್ಟೆಯವರೆಗೆ ಬಂದಿತ್ತು.