ವ್ಯಾಪಾರದ ನಷ್ಟ ಮನೆಯ ಸಾಲವಾಗುವ ಬಗೆ

ಸಣ್ಣ ವ್ಯಾಪಾರಗಳ ಲೆಕ್ಕಪತ್ರ ನೋಡುವುದು ನನ್ನ ವೃತ್ತಿ. ಹೊಸದಾಗಿ ಯಾರಾದರೂ ಖಾತೆ ಪುಸ್ತಕ ತಂದುಕೊಟ್ಟರೆ ಲಾಭ ನಷ್ಟದ ಮೊತ್ತಕ್ಕಿಂತ ಮೊದಲು ನನ್ನ ಕಣ್ಣು ಹೋಗುವುದು 'ಮಾಲೀಕರಿಂದ ಜಮಾ' ಎಂಬ ನಮೂದಿನ ಕಡೆಗೆ. ವ್ಯಾಪಾರ ನೆಟ್ಟಗಿದ್ದರೆ ಆ ನಮೂದು ಆರಂಭದ ಕೆಲವು ತಿಂಗಳು ಕಾಣಿಸಿಕೊಂಡು ಆಮೇಲೆ ನಿಂತುಹೋಗಿರುತ್ತದೆ. ವ್ಯಾಪಾರ ಕುಸಿಯುತ್ತಿದ್ದರೆ ಅದು ಪ್ರತಿ ತಿಂಗಳ ಕೊನೆಯಲ್ಲಿ, ಸಂಬಳ ಕೊಡುವುದಕ್ಕೆ ಒಂದೆರಡು ದಿನ ಮುಂಚೆ, ತಪ್ಪದೆ ಹಾಜರಾಗುತ್ತದೆ. ಆ ಹಣ ಎಲ್ಲಿಂದ ಬಂತು ಎಂದು ಕೇಳಿದರೆ ಮೊದಮೊದಲ ತಿಂಗಳುಗಳಿಗೆ 'ಉಳಿತಾಯ' ಎಂಬ ಉತ್ತರ ಸಿಗುತ್ತದೆ, ಆಮೇಲಿನವಕ್ಕೆ ಕ್ರೆಡಿಟ್ ಕಾರ್ಡ್, ಅದರ ನಂತರ ವೈಯಕ್ತಿಕ ಸಾಲ, ಕೊನೆಗೆ 'ಹೇಗೋ ಒಂದು ಕಡೆಯಿಂದ ಹೊಂದಿಸಿದೆ, ಬಿಡಿ'. ಈ ಕೊನೆಯ ಉತ್ತರ ಬಂದಾಗ ನಾನು ಪುಸ್ತಕ ಮುಚ್ಚಿ ಬೇರೆ ಮಾತು ಶುರು ಮಾಡುತ್ತೇನೆ. ಆ ಮಾತನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸಾಲಗಾರನಿಗೆ ಉಪದೇಶ ಮಾಡುವವರಿಗೆ ಎಂದೂ ಕೊರತೆಯಿಲ್ಲ. 'ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತು' ಎಂಬುದು ಆ ಉಪದೇಶಗಳಲ್ಲೆಲ್ಲ ಅಗ್ಗವಾದದ್ದು. ವ್ಯಾಪಾರ ಉಳಿಸಿಕೊಳ್ಳಲು ಸಾಲ ಮಾಡಿದವರಲ್ಲಿ ನಾನು ಕಂಡ ಹೆಚ್ಚಿನವರು ಕಾಲು ಚಾಚಿದವರೇ ಅಲ್ಲ. ತಾವು ತಿಂಗಳುಗಟ್ಟಲೆ ಒಂದು ಕಾಸನ್ನೂ ತೆಗೆದುಕೊಳ್ಳದೆ ಕೆಲಸದವರಿಗೆ ಸಂಬಳ ಕೊಟ್ಟವರು. ವ್ಯಾಪಾರದ ನಷ್ಟವನ್ನೆಲ್ಲ ನನ್ನ ಹೆಸರಿಗೆ ಬರೆದುಕೊಳ್ಳುತ್ತೇನೆ ಎಂದು ಯಾರೂ ಒಂದು ದಿನ ಕೂತು ತೀರ್ಮಾನ ಮಾಡುವುದಿಲ್ಲ. ದೊಡ್ಡ ಗಿರಾಕಿಯ ಬಾಕಿ ಮುಂದಿನ ವಾರ ಬರಲಿದೆ, ಅಲ್ಲಿಯವರೆಗೆ ಸುಧಾರಿಸಿದರೆ ಸಾಕು ಎಂಬ ಲೆಕ್ಕದಲ್ಲಿ ಕಾರ್ಡು ಹೊರಬರುತ್ತದೆ, ಬಾಕಿ ಬಂದಾಗ ಅದು ಬಾಡಿಗೆಗೆ ಹೋಗುತ್ತದೆ, ಕಾರ್ಡಿನ ಬಾಕಿ ಅಲ್ಲೇ ಉಳಿದು ಬೆಳೆಯುತ್ತದೆ. ಒಂದೊಂದು ಹೆಜ್ಜೆಯನ್ನೂ ಬಿಡಿಯಾಗಿ ನೋಡಿದರೆ ತಪ್ಪೆಂದು ಹೇಳುವಂತಿಲ್ಲ.

ಆದರೂ ಸಾಲ ಸಾಲಗಳ ನಡುವೆ ಒಂದು ಗೆರೆ ಇದೆ, ಆ ಗೆರೆ ಎಳೆಯದೆ ಉಳಿದ ಮಾತೆಲ್ಲ ವ್ಯರ್ಥ. ಮಾರಾಟವಾಗುವುದು ಖಚಿತವಿರುವ ಸರಕನ್ನು ಕೊಳ್ಳಲು ತಂದ ಸಾಲ ಆ ಸರಕಿನ ಜೊತೆಗೇ ತೀರುತ್ತದೆ. ಹೋದ ತಿಂಗಳ ಬಾಡಿಗೆಗೆ, ಹಳೆಯ ಸಾಲದ ಕಂತಿಗೆ ತಂದ ಹಣದ ಹಿಂದೆ ಅಂಥ ಸರಕು ಏನೂ ಇಲ್ಲ. ತಿಂಗಳಿಗೆ ನೂರಕ್ಕೆ 3ರ ಬಡ್ಡಿ ಕೇಳುವುದಕ್ಕೆ ಸಣ್ಣದೆನಿಸುತ್ತದೆ. ಕಟ್ಟದೆ ಬಿಟ್ಟರೆ ಚಕ್ರಬಡ್ಡಿಯಲ್ಲಿ ಅದು ವರ್ಷಕ್ಕೆ ಸುಮಾರು 42.6 ಆಗುತ್ತದೆ, ಎರಡು ವರ್ಷ ತುಂಬುವುದರೊಳಗೆ ಅಸಲು ಎರಡರಷ್ಟಾಗುತ್ತದೆ. ಎಲ್ಲ ಖರ್ಚು ಕಳೆದು ನೂರಕ್ಕೆ 10 ಉಳಿಯುವ ವ್ಯಾಪಾರದಲ್ಲಿ ಇಂಥ ನೂರು ರೂಪಾಯಿ ಸಾಲಕ್ಕೆ ಬರೀ ಬಡ್ಡಿ ಕಟ್ಟಲು ತಿಂಗಳಿಗೆ 30 ರೂಪಾಯಿಯಷ್ಟು ಹೆಚ್ಚು ಮಾರಾಟವಾಗಬೇಕು, ಅಸಲಿನ ಮಾತು ಆಮೇಲೆ. ಮಾರಾಟ ಕುಸಿದದ್ದಕ್ಕೆ ಸಾಲ ಮಾಡಿದವರಿಂದ ಮಾರಾಟ ಹೆಚ್ಚಿಸು ಎಂದು ಕೇಳುವ ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಎದುರಿಗಿರುವವರು ಸ್ವಲ್ಪ ಹೊತ್ತು ಏನೂ ಮಾತಾಡುವುದಿಲ್ಲ.

ಕಂಪನಿಯ ಸಾಲ ಕಂಪನಿಗೆ, ಮಾಲೀಕನ ಆಸ್ತಿ ಮಾಲೀಕನಿಗೆ ಎಂಬ ತತ್ವ ಕಾನೂನಿನಲ್ಲಿ ಇಲ್ಲದೆಯೇನಿಲ್ಲ. ಇಂಗ್ಲೆಂಡಿನ ಸಾಲೊಮನ್ ಎಂಬ ಚರ್ಮದ ವ್ಯಾಪಾರಿಯ ಮೊಕದ್ದಮೆಯಲ್ಲಿ 1897ರಲ್ಲಿ ಬಂದ ತೀರ್ಪು, ಹೆಚ್ಚುಕಡಿಮೆ ಎಲ್ಲ ಷೇರುಗಳೂ ಒಬ್ಬನ ಕೈಯಲ್ಲೇ ಇದ್ದರೂ ಕಂಪನಿ ಅವನಿಂದ ಬೇರೆಯಾದ ವ್ಯಕ್ತಿ ಎಂದಿತು. ಆದರೆ ಸಣ್ಣ ಕಂಪನಿಗೆ ಸಾಲ ಕೊಡುವವರು ವೈಯಕ್ತಿಕ ಜಾಮೀನಿಗೆ ಸಹಿ ಹಾಕಿಸಿಕೊಳ್ಳುತ್ತಾರೆ, ಆ ಒಂದು ಸಹಿಯಿಂದ ನಡುವಿನ ಗೋಡೆ ಬಿದ್ದುಹೋಗುತ್ತದೆ. ಕಂಪನಿಯನ್ನೇ ಮಾಡದೆ ಸ್ವಂತ ಹೆಸರಿನಲ್ಲಿ ವ್ಯಾಪಾರ ಮಾಡುವವರಿಗಂತೂ ಗೋಡೆಯೇ ಇರುವುದಿಲ್ಲ. ಆದ್ದರಿಂದ ಯಾವ ಸಾಲಕ್ಕೆ ಯಾರ ಸಹಿ ಇದೆ, ಹೆಂಡತಿಯೋ ಗಂಡನೋ ಜಾಮೀನು ನಿಂತಿದ್ದಾರೆಯೇ, ಯಾವುದಕ್ಕೆ ಮನೆ ಅಡಮಾನವಾಗಿದೆ ಎಂಬ ಪಟ್ಟಿ ಮೊದಲು ಆಗಬೇಕು. ಎಷ್ಟು ಕಟ್ಟಬೇಕು ಎಂಬ ಚಿಂತೆ ಅದರ ನಂತರದ್ದು.

ಈ ಪಟ್ಟಿ ಮಾಡುವುದು ಹೇಳಿದಷ್ಟು ಸುಲಭವಲ್ಲ ಎಂಬುದು ನನಗೆ ಗೊತ್ತು. ಒಬ್ಬರು ತಮಗೆ ಬಂದ ಲಕೋಟೆಗಳನ್ನೆಲ್ಲ ಒಡೆಯದೆ ಒಂದು ಬಟ್ಟೆ ಚೀಲದಲ್ಲಿ ತುಂಬಿ ತಂದಿದ್ದರು. ಫೋನನ್ನು ಮೇಜಿನ ಮೇಲೆ ಮುಖ ಕೆಳಗಾಗಿ ಇಟ್ಟು, ನಾನು ಒಂದೊಂದೇ ಲಕೋಟೆ ಒಡೆಯುವಾಗ ಕಿಟಕಿಯ ಕಡೆ ನೋಡುತ್ತ ಕೂತರು. ತಾರೀಖಿನ ಪ್ರಕಾರ ಜೋಡಿಸಿದಾಗ ಅರ್ಧಕ್ಕಿಂತ ಹೆಚ್ಚು ಪತ್ರಗಳು ಒಂದೇ ಸಾಲದ ಬಗ್ಗೆ ಮತ್ತೆ ಮತ್ತೆ ಬಂದವಾಗಿದ್ದವು. ಅವುಗಳ ನಡುವೆ ಕಂತು ಇಳಿಸಿಕೊಡುತ್ತೇವೆ, ಇಂತಿಷ್ಟು ದಿನದೊಳಗೆ ಬಂದು ಮಾತಾಡಿ ಎಂಬ ಒಂದು ಪತ್ರವೂ ಇತ್ತು, ಅದರ ಗಡುವು ಮುಗಿದಿತ್ತು. ಅವರ ಕಲ್ಪನೆಯಲ್ಲಿದ್ದ ಸಾಲದ ಮೊತ್ತ ನಿಜವಾದ ಮೊತ್ತಕ್ಕಿಂತ ದೊಡ್ಡದಾಗಿತ್ತು ಎಂಬುದು ಸಂಜೆಯ ಹೊತ್ತಿಗೆ ತಿಳಿಯಿತು. ಎಲ್ಲರ ವಿಷಯದಲ್ಲೂ ಹಾಗೇ ಆಗುತ್ತದೆಂದು ನಾನು ಹೇಳಲಾರೆ.

ಪಟ್ಟಿಯಾದ ಮೇಲೆ ಯಾರಿಗೆ ಮೊದಲು ಕೊಡಬೇಕು ಎಂಬ ಪ್ರಶ್ನೆ. ಹೆಚ್ಚಿನ ಮನೆಗಳಲ್ಲಿ ಇದನ್ನು ತೀರ್ಮಾನಿಸುವುದು ಮರ್ಯಾದೆ. ಯಾರು ಗಟ್ಟಿಯಾಗಿ ಕೂಗುತ್ತಾರೋ, ಯಾರು ಮನೆ ಬಾಗಿಲಿಗೆ ಬಂದು ನಿಲ್ಲುತ್ತಾರೋ ಅವರಿಗೆ ಮೊದಲು ಸಂದಾಯವಾಗುತ್ತದೆ; ಸದ್ದಿಲ್ಲದೆ ಪತ್ರ ಕಳಿಸುವವರು ಕಾಯುತ್ತಾರೆ. ಆದರೆ ಕೂಗುವವರ ಕೈಯಲ್ಲಿ ಅನೇಕ ಸಲ ಕೂಗಿನ ಹೊರತು ಬೇರೇನೂ ಇರುವುದಿಲ್ಲ, ಸದ್ದಿಲ್ಲದವರ ಕೈಯಲ್ಲಿ ಮನೆಯ ಪತ್ರವಿರುತ್ತದೆ. ಕೊಡದಿದ್ದರೆ ಏನು ಕಳೆದುಹೋಗುತ್ತದೆ ಎಂಬುದನ್ನು ನೋಡಿ ಸರದಿ ಹಾಕುವುದು ನನ್ನ ರೂಢಿ: ಇರುವ ಮನೆ, ಸಂಪಾದನೆಗೆ ಬೇಕಾದ ಉಪಕರಣ, ದುಡಿದವರ ಸಂಬಳ, ಗಿರಾಕಿಗಳಿಂದ ಅಥವಾ ಸಂಬಳದಿಂದ ಹಿಡಿದಿಟ್ಟ ತೆರಿಗೆ. ತೆರಿಗೆಯ ಹಣ ಖಾತೆಯಲ್ಲಿ ಕಾಣುತ್ತಿದ್ದರೂ ಅದು ವ್ಯಾಪಾರದ್ದಲ್ಲ, ಅದನ್ನು ಬಳಸಿಕೊಂಡವರನ್ನು ಅನೇಕ ದೇಶಗಳ ಕಾನೂನು ಖುದ್ದಾಗಿ ಹೊಣೆ ಮಾಡುತ್ತದೆ. ಇವಿಷ್ಟು ಕಳೆದು ಉಳಿದದ್ದು ಹೆಚ್ಚು ಬಡ್ಡಿಯ ಸಾಲಕ್ಕೆ ಹೋಗಬೇಕು.

ಇಲ್ಲಿ ಗಣಿತಕ್ಕೆ ವಿರುದ್ಧವಾದ ಒಂದು ಸಲಹೆಯನ್ನೂ ನಾನು ಕೊಡುತ್ತೇನೆ. ಸಿಂಗಪುರದಲ್ಲಿ ದೀರ್ಘಕಾಲದ ಸಾಲದಲ್ಲಿದ್ದ ಕಡಿಮೆ ವರಮಾನದ 196 ಜನರ ಸಾಲವನ್ನು ದತ್ತಿ ಸಂಸ್ಥೆಯೊಂದರ ನೆರವಿನಿಂದ ತೀರಿಸಿ, ಅದಕ್ಕೆ ಮೊದಲೂ ನಂತರವೂ ಅವರನ್ನು ಪರೀಕ್ಷಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಸಾಲ ತೀರಿದ ಮೇಲೆ ಅವರ ಆತಂಕ ಇಳಿದಿತ್ತು, ಯೋಚಿಸುವ ಶಕ್ತಿ ಸುಧಾರಿಸಿತ್ತು. ಅದರಲ್ಲೂ ಒಂದೇ ಮೊತ್ತದ ಪರಿಹಾರದಲ್ಲಿ ಹೆಚ್ಚು ಸಾಲಖಾತೆಗಳು ಮುಚ್ಚಿಹೋದವರಿಗೆ ಹೆಚ್ಚು ಪ್ರಯೋಜನವಾಗಿತ್ತು. ಹತ್ತು ಕಡೆ ಚೂರುಚೂರು ಬಾಕಿ ಇರುವವರಿಗೆ ಬಡ್ಡಿಯ ದರ ಏನೇ ಇರಲಿ, ಅವುಗಳಲ್ಲಿ ಎರಡು ಮೂರನ್ನು ಮೊದಲು ಮುಗಿಸಿಬಿಡಿ ಎಂದು ನಾನು ಹೇಳುವುದು ಈ ಕಾರಣಕ್ಕೆ. ಬಡ್ಡಿಯಲ್ಲಿ ಆಗುವ ಸ್ವಲ್ಪ ನಷ್ಟಕ್ಕಿಂತ ನೆಟ್ಟಗೆ ಯೋಚಿಸಬಲ್ಲ ತಲೆಯ ಬೆಲೆ ಹೆಚ್ಚು.

ಛಲ ಬಿಡಬೇಡಿ ಎನ್ನುವವರು ಅಮೆರಿಕದ ಲೇಖಕ ಮಾರ್ಕ್ ಟ್ವೈನ್‌ನ ಉದಾಹರಣೆ ಕೊಡುತ್ತಾರೆ. ಅವನ ಪ್ರಕಾಶನ ಸಂಸ್ಥೆ 1894ರಲ್ಲಿ ಮುಳುಗಿತು, ಅಚ್ಚಿನ ಮೊಳೆ ಜೋಡಿಸುವ ಯಂತ್ರವೊಂದಕ್ಕೆ ಸುರಿದ ಹಣವೂ ಹೋಯಿತು. 1895 ಮತ್ತು 1896ರಲ್ಲಿ ಅವನು ಲೋಕವನ್ನೆಲ್ಲ ಸುತ್ತಿ ಉಪನ್ಯಾಸ ಮಾಡಿದ, 1898ರ ಹೊತ್ತಿಗೆ ಎಲ್ಲರ ಬಾಕಿಯನ್ನೂ ಪೂರ್ತಿ ತೀರಿಸಿದ. ಈ ಕಥೆ ನಿಜ, ಆದರೆ ಹೇಳುವವರು ಅರ್ಧಕ್ಕೆ ನಿಲ್ಲಿಸುತ್ತಾರೆ. ಅವನು ಆ ಸಂಸ್ಥೆಯನ್ನು ನಡೆಸುತ್ತಲೇ ಸಾಲ ತೀರಿಸಲಿಲ್ಲ, ಮೊದಲು ಅದನ್ನು ಮುಚ್ಚಿದ. ಸಾಲ ಕೊಟ್ಟವರೊಡನೆ ಮಾತುಕತೆ ನಡೆಸಿದ್ದು ಅವನಲ್ಲ, ತೈಲೋದ್ಯಮದಲ್ಲಿ ಪಳಗಿದ ಹೆನ್ರಿ ರೋಜರ್ಸ್ ಎಂಬ ಗೆಳೆಯ. ಟ್ವೈನ್‌ನ ಹೆಂಡತಿಯೂ ಸಂಸ್ಥೆಗೆ ಸಾಲ ಕೊಟ್ಟಿದ್ದಾಳೆ ಎಂಬ ಆಧಾರದ ಮೇಲೆ ಪುಸ್ತಕಗಳ ಹಕ್ಕುಗಳನ್ನು ಅವಳ ಹೆಸರಿಗೆ ಮಾಡಿಸಿ, ಮುಂದಿನ ಸಂಪಾದನೆಯ ಮೂಲ ಕೈತಪ್ಪದಂತೆ ನೋಡಿಕೊಂಡವನೂ ರೋಜರ್ಸೇ. 1826ರಲ್ಲಿ ದಿವಾಳಿಯ ಅಂಚಿಗೆ ಬಂದ ಸ್ಕಾಟ್ಲೆಂಡಿನ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಒಬ್ಬನೇ ಹಗಲಿರುಳು ಬರೆದು ತೀರಿಸುತ್ತೇನೆಂದು ಹೊರಟವನು. ಅವನ ಆರೋಗ್ಯ ಕೆಟ್ಟು 1832ರಲ್ಲಿ ತೀರಿಕೊಂಡಾಗ ಸಾಲ ಇನ್ನೂ ಉಳಿದಿತ್ತು. ಛಲವನ್ನು ಹೊಗಳುವವರಿಗೆ ಈ ಎರಡನೆಯ ಕಥೆ ನೆನಪಿಗೆ ಬರುವುದು ಕಡಿಮೆ.

ಮುಚ್ಚುವುದನ್ನು ಸೋಲು ಎಂದು ಕರೆಯುವುದಕ್ಕೆ ನನ್ನ ತಕರಾರಿದೆ. ಪ್ರತಿ ತಿಂಗಳೂ ನಷ್ಟ ಕೂಡುತ್ತಿರುವ ವ್ಯಾಪಾರವನ್ನು ಇನ್ನೊಬ್ಬರ ಹಣದಿಂದ ನಡೆಸುತ್ತಿರುವಾಗ, ಈಗಾಗಲೇ ಸಾಲ ಕೊಟ್ಟವರಿಗೆ ಸಿಗಬಹುದಾದ ಪಾಲನ್ನು ನಾವು ಕರಗಿಸುತ್ತಿರುತ್ತೇವೆ. ಸರಕು, ಯಂತ್ರ, ಬರಬೇಕಾದ ಬಾಕಿ ಇವುಗಳಿಗೆ ಬೆಲೆ ಇರುವಾಗಲೇ ನಿಲ್ಲಿಸಿದರೆ ಹಂಚುವುದಕ್ಕೆ ಏನಾದರೂ ಉಳಿದಿರುತ್ತದೆ. ಹೊಸ ಸಾಲವಿಲ್ಲದೆ ಮೂರು ತಿಂಗಳು ನಡೆಯಲಾರದು ಎಂದು ಪುಸ್ತಕ ಹೇಳುತ್ತಿದ್ದರೆ ಆ ತೀರ್ಮಾನವನ್ನು ಮುಂದೂಡಬಾರದು. ದಿವಾಳಿ ಕಾನೂನಿನ ಆಶ್ರಯ ಪಡೆಯಬೇಕೇ ಎಂಬುದನ್ನು ಆಗ ವಕೀಲರೊಡನೆ ಮಾತಾಡಿ, ಅದು ಇರುವುದೇ ಇಂಥ ಸಂದರ್ಭಕ್ಕೆ.

ಸಾಲ ಕೊಟ್ಟವರ ಬಳಿಗೆ ನಾವಾಗಿಯೇ ಹೋಗುವುದರಲ್ಲಿ ಲಾಭವಿದೆ. ಅವರೂ ವಸೂಲಿಯ ಖರ್ಚಿನ ಲೆಕ್ಕ ಹಾಕುವವರೇ, ವರಮಾನ ಇಷ್ಟು, ಮನೆ ಖರ್ಚು ಇಷ್ಟು, ನಿಮಗೆ ಕೊಡಬಲ್ಲದ್ದು ಇಷ್ಟು ಎಂಬ ಒಂದು ಹಾಳೆ ಹಿಡಿದು ಬಂದವರ ಮಾತನ್ನು ಅವರು ಸಾಮಾನ್ಯವಾಗಿ ಕೇಳಿಸಿಕೊಳ್ಳುತ್ತಾರೆ. ಕೊಡಲಾಗದ ಮೊತ್ತಕ್ಕೆ ಅಂಜಿಕೆಯಿಂದ ಒಪ್ಪಿಕೊಳ್ಳಬೇಡಿ, ಎರಡನೆಯ ತಿಂಗಳು ಮಾತು ತಪ್ಪಿದರೆ ಮತ್ತೆ ಯಾರೂ ಕೇಳುವುದಿಲ್ಲ. ಕಡಿಮೆ ಮೊತ್ತಕ್ಕೆ ಇತ್ಯರ್ಥವಾದರೆ ಅದು ಬರಹದಲ್ಲಿ ಕೈಗೆ ಬಂದ ಮೇಲೆಯೇ ಹಣ ಕೊಡಿ.

ಬದುಕೇ ಬೇಡ ಎಂಬ ಯೋಚನೆ ಬರುತ್ತಿದ್ದರೆ ಈ ಲೆಕ್ಕಗಳನ್ನೆಲ್ಲ ಪಕ್ಕಕ್ಕಿಟ್ಟು ಇವತ್ತೇ ವೈದ್ಯರಿಗೋ ಮನೆಯವರಿಗೋ ಬಾಯಿಬಿಟ್ಟು ಹೇಳಿ. ಸಾಲದ ಷರತ್ತುಗಳನ್ನು ಮತ್ತೆ ಕೂತು ಮಾತಾಡಿ ಬದಲಿಸಲು ಎಷ್ಟೋ ಸಲ ಸಾಧ್ಯವಿದೆ.

ಇನ್ನು ನೆಂಟರು, ಗೆಳೆಯರು ಕೊಟ್ಟ ಕೈಸಾಲ. ಇದಕ್ಕೆ ಬಡ್ಡಿಯಿಲ್ಲ, ಕಾಗದವಿಲ್ಲ, ಆದ್ದರಿಂದಲೇ ಅದು ಎಲ್ಲ ಪಟ್ಟಿಗಳಿಂದಲೂ ತಪ್ಪಿಸಿಕೊಳ್ಳುತ್ತದೆ, ಮನೆಯ ಸಮಾರಂಭಗಳಿಗೆ ಹೋಗದಂತೆ ಮಾಡುವುದೂ ಅದೇ. ಅವರಿಗೆ ಈಗ ಹಣ ಕೊಡಲಾಗದಿದ್ದರೂ ಒಂದು ಚೀಟಿಯಲ್ಲಿ ಮೊತ್ತ, ತಾರೀಖು ಬರೆದು ಸಹಿ ಮಾಡಿ ಕೊಡಬಹುದು, ಯಾವ ಸಾಲ ಮುಗಿದ ಮೇಲೆ ನಿಮ್ಮ ಸರದಿ ಬರುತ್ತದೆ ಎಂದು ಹೇಳಬಹುದು. ಕೆಲವರು ಆ ಚೀಟಿ ನೋಡಿ ಬೇಸರಪಡುತ್ತಾರೆ, ನಮ್ಮ ನಡುವೆ ಇದೆಲ್ಲ ಯಾಕೆ ಎನ್ನುತ್ತಾರೆ. ಆದರೂ ಕೊಡಿ, ಅದರ ಒಂದು ಪ್ರತಿಯನ್ನು ನಿಮ್ಮ ಪಟ್ಟಿಯ ಜೊತೆಗೆ ಇಟ್ಟುಕೊಳ್ಳಿ.