ಆಗಸ್ಟ್ ಅಂದ್ರೆ ಬೆಂಡೆ

ನಿನ್ನೆ ಮಧ್ಯಾಹ್ನದ ಊಟ. ನಾಲಿಗೆ ಇವತ್ತೂ ಚುರುಗುಟ್ಟುತ್ತಿದೆ. ಉಂಡದ್ದು ದೊಣ್ಣೆ ಮೆಣಸಿನ ಪಲ್ಯ. ಹೌದು, ಮಕ್ಕಳೂ ತಿನ್ನುವ ಅದೇ ದೊಣ್ಣೆ ಮೆಣಸು, ನಮ್ಮ ಹಿತ್ತಲಿನದೇ. ಊಟಕ್ಕೆ ಬಂದಿದ್ದ ನಾದಿನಿಯ ಗಂಡ ಪಾಪ ಸಭ್ಯರು. "ಚೆನ್ನಾಗಿದೆ ಅತ್ತಿಗೆ" ಅಂದು ಕಣ್ಣೊರೆಸಿಕೊಂಡರು. ಆಮೇಲೆ ನಾಲ್ಕು ಅಕ್ಕಿ ರೊಟ್ಟಿಯನ್ನು ಬರೀ ಮೊಸರಲ್ಲೇ ಮುಗಿಸಿದರು.

ದೊಣ್ಣೆ ಮೆಣಸು, ಹಸಿಮೆಣಸು ಎರಡೂ ಒಂದೇ ಜಾತಿ. ಕಳೆದ ವರ್ಷ ಅಕ್ಕಪಕ್ಕವೇ ನೆಟ್ಟಿದ್ದೆವು. ಏಪ್ರಿಲ್‌ನಲ್ಲಿ ಕಾಫಿ ಹೂವಿಗೆ ಬಂದ ಜೇನು ಹಿತ್ತಲಿಗೂ ಬಂದು ಹೋಗಿರಬೇಕು. ಆ ವರ್ಷದ ಕಾಯಿಯಲ್ಲಿ ಏನೂ ಗೊತ್ತಾಗುವುದಿಲ್ಲ, ಬೆರಕೆ ಇರುವುದು ಬೀಜದಲ್ಲಿ. ಅದನ್ನು ಬಿತ್ತಿದರೆ ಮರುವರ್ಷ ಖಾರದ್ದೇ ಮೇಲುಗೈ. ಕಾಯಿಯ ಮೂತಿ ಚೂಪಾದಾಗಲೇ ನನಗೆ ಅನುಮಾನ ಬರಬೇಕಿತ್ತು.

ಅತ್ತೆ ಇದನ್ನು ಒಪ್ಪಬೇಕಲ್ಲ! "ಜೇನಿನ ಮೇಲೆ ಯಾಕೆ ಹಾಕ್ತೀಯಾ? ನಾನು ಹೇಳಿದ್ದು ಸೆಪ್ಟೆಂಬರ್. ನೀನು ಅಕ್ಟೋಬರ್ ಬಿಚ್ಚಿದ್ದೀಯ."

ಅತ್ತೆ ಬೀಜ ಕಟ್ಟುವುದು ಹಳೇ ಕ್ಯಾಲೆಂಡರ್ ಹಾಳೆಯಲ್ಲಿ. ಹೆಸರು ಬರೆಯುವುದಿಲ್ಲ. ಜೂನ್ ಅಂದ್ರೆ ಬೀನ್ಸ್, ಜುಲೈ ಸೌತೆ, ಆಗಸ್ಟ್ ಬೆಂಡೆ. ಇಷ್ಟೇ ಆಗಿದ್ದರೆ ಬಾಯಿಪಾಠ ಮಾಡುತ್ತಿದ್ದೆ. ಆದರೆ ಮನೆಗೆ ವರ್ಷಕ್ಕೆ ಮೂರು ಕ್ಯಾಲೆಂಡರ್ ಬರುತ್ತವೆ. ದೇವರ ಚಿತ್ರದ ಜೂನ್ ಬೀನ್ಸ್, ಗೊಬ್ಬರದಂಗಡಿಯ ಜೂನ್ ಬಸಳೆ. ಬ್ಯಾಂಕಿನ ಜೂನ್‌ಗೆ ಎಣ್ಣೆ ಕಲೆ ಇದ್ದರೆ ಸೋರೆ, ಇಲ್ಲದಿದ್ದರೆ ಕುಂಬಳ. ಸ್ಕೆಚ್ ಪೆನ್ ತಂದುಕೊಟ್ಟೆ. ಅದರಲ್ಲಿ ಹಾಲಿನ ಲೆಕ್ಕ ಬರೆದರು.

ಈ ಪೊಟ್ಟಣಗಳೆಲ್ಲ ಮಳೆಗಾಲ ಕಳೆಯುವುದು ಒಲೆ ಮೇಲಿನ ಅಟ್ಟದಲ್ಲಿ. ನಮ್ಮ ಕೊಡಗಿನ ಕಕ್ಕಡ ತಿಂಗಳ ಮಳೆಗೆ ಡಬ್ಬಿಯ ಉಪ್ಪೇ ನೀರಾಗುತ್ತದೆ, ಬೀಜ ಉಳಿಯಬೇಕಾದರೆ ಹೊಗೆ ಬೇಕೇ ಬೇಕು. ಹೊಗೆ ಹಿಡಿದು ಜೂನ್ ಯಾವುದು, ಜನವರಿ ಯಾವುದು ಅಂತ ಗೊತ್ತಾಗುವುದಿಲ್ಲ. ಆಗ ಅತ್ತೆ ಪೊಟ್ಟಣವನ್ನು ಕಿವಿ ಹತ್ತಿರ ಅಲ್ಲಾಡಿಸಿ ಹೇಳುತ್ತಾರೆ.

ಹೆಸರು ಬರೆದಿರುವ ಪೊಟ್ಟಣ ಒಂದೇ ಒಂದು. "ಬಿಳಿ ಬೆಂಡೆ, ಬಾವಿ ಹತ್ರದ್ದು." ಮಾವನ ಅಕ್ಷರ. ಮಾವ ಹೋಗಿ ಹನ್ನೊಂದು ವರ್ಷ. ಆ ಬೀಜ ಇನ್ನು ಹುಟ್ಟುವುದಿಲ್ಲ, ಅದು ಅತ್ತೆಗೂ ಗೊತ್ತು. ಆದರೂ ಮಳೆ ಬಿಟ್ಟ ಮೇಲೆ ಮೊದಲು ಬಿಸಿಲಿಗೆ ಬರುವುದು ಅದೇ. ನಾನು ಕೇಳಲು ಹೋಗಿಲ್ಲ.

ಸಂಜೆ ನೋಡಿದರೆ ಅತ್ತೆ ಅದೇ ಖಾರದ ಕಾಯಿಯ ಬೀಜ ಒಣಗಿಸುತ್ತಿದ್ದರು.

"ಇದು ಯಾಕೆ ಅತ್ತೆ?"

"ಒಳ್ಳೇ ಖಾರ ಇದೆ, ಉಪ್ಪಿನಕಾಯಿಗಾಗುತ್ತೆ. ನೆನಪಿಟ್ಕೋ, ಡಿಸೆಂಬರ್."

ಯಾವ ಡಿಸೆಂಬರ್ ಅಂತ ಹೇಳಲೇ ಇಲ್ಲ.