ಆರರಲ್ಲಿ ಎರಡು ಫೇಲಾದ್ರೆ ಮಾತ್ರ ಪಾಸು

ಅಮೆರಿಕದಲ್ಲಿರೋ ನಮ್ಮ ದೊಡ್ಡಮ್ಮ ಮೊನ್ನೆ ಒಂದು ಪರೀಕ್ಷೆಗೆ ಕೂತಿದ್ರು. ಎಂಬತ್ನಾಲ್ಕನೇ ವಯಸ್ಸಲ್ಲಿ. ಇನ್ಶೂರೆನ್ಸ್ ಕಂಪನಿ ಕಡೆಯಿಂದ ಒಬ್ಬ ನರ್ಸ್ ಮನೆಗೇ ಬಂದು ಟ್ಯಾಬ್ಲೆಟ್ ಹಿಡ್ಕೊಂಡು ಸೋಫಾ ಮೇಲೆ ಕೂತ್ಕೋತಾಳೆ, ಒಂದೊಂದೇ ಪ್ರಶ್ನೆ ಕೇಳ್ತಾಳೆ. ಸಬ್ಜೆಕ್ಟ್ ಒಟ್ಟು ಆರು. ಸ್ನಾನ, ಬಟ್ಟೆ ಹಾಕ್ಕೊಳ್ಳೋದು, ತಟ್ಟೆಯಿಂದ ಬಾಯಿಗೆ ತುತ್ತು ತಗೊಂಡು ಹೋಗೋದು, ಹಾಸಿಗೆಯಿಂದ ಎದ್ದು ಕುರ್ಚಿಗೆ ಕೂರೋದು, ಟಾಯ್ಲೆಟ್ಟಿಗೆ ಹೋಗಿಬರೋದು, ಟಾಯ್ಲೆಟ್ ಸಿಗೋವರೆಗೂ ತಡ್ಕೊಳ್ಳೋದು. ಕೊನೆಯ ಎರಡೂ ಒಂದೇ ಅಲ್ವಾ ಅಂತ ಕೇಳ್ಬೇಡಿ, ಅಲ್ಲ, ಬೇರೆ ಬೇರೆ ಪೇಪರ್ರು, 1996ರ ಹಿಪಾ ಕಾನೂನಲ್ಲೇ ಹಾಗೆ ಬರೆದಿಟ್ಟಿದಾರೆ. ಪೇಷಂಟ್ ಗುಟ್ಟು ಹೊರಗೆ ಬಿಡಬಾರದು ಅಂತ ಫೇಮಸ್ ಆಗಿರೋ ಅದೇ ಹಿಪಾ, ಮುದುಕರ ಕಕ್ಕಸಿನ ಲೆಕ್ಕವೂ ಅದರಲ್ಲೇ ಇದೆ.

ಈ ಆರರಲ್ಲಿ ಕನಿಷ್ಠ ಎರಡರಲ್ಲಿ ಫೇಲ್ ಆಗ್ಬೇಕು, ಅಂದ್ರೆ ಇನ್ನೊಬ್ರ ಸಹಾಯ ಇಲ್ದೆ ಆಗಲ್ಲ ಅನ್ನಿಸ್ಕೋಬೇಕು. ಅದೂ ಸುಮ್ನೆ ಇವತ್ತು ಸೊಂಟ ಹಿಡ್ಕೊಂಡಿದೆ ಅಂದ್ರೆ ನಡೆಯಲ್ಲ, ಕಮ್ಮಿ ಅಂದ್ರೆ 90 ದಿನ ಫೇಲಾಗೇ ಇರ್ತಾರೆ ಅಂತ ಡಾಕ್ಟರೋ ನರ್ಸೋ ಬರ್ಕೊಡಬೇಕು. ಆಗ ಲಾಂಗ್ ಟರ್ಮ್ ಕೇರ್ ಇನ್ಶೂರೆನ್ಸ್, ಅಂದ್ರೆ ಕೈಲಾಗದ ಕಾಲಕ್ಕೆ ನೋಡ್ಕೊಳ್ಳೋರ ಖರ್ಚು ಕೊಡೋ ವಿಮೆ, ದುಡ್ಡು ಬಿಚ್ಚುತ್ತೆ.

ಇನ್ನೊಂದು ದಾರಿಯೂ ಇದೆ, ಮರೆವಿನ ಕಾಯಿಲೆ ಜೋರಾಗಿದ್ರೆ ಈ ಆರು ಪೇಪರ್ ಬರೀದೇನೂ ಪಾಸಾಗಬಹುದು. ಆದ್ರೆ ಅಲ್ಲಿವರೆಗೂ ಪ್ರೀಮಿಯಂ ಕಟ್ಟೋದು ಮರೀಬಾರದು! ಮರೆತು ಪಾಲಿಸಿ ಬಿದ್ದೋಯ್ತು ಅಂದ್ಕೊಳ್ಳಿ, ಅದಕ್ಕೂ ಬಹುಪಾಲು ರಾಜ್ಯಗಳಲ್ಲಿ ರೂಲ್ ಇದೆ, ನಾನು ಮರೆತಿದ್ದು ಮರೆವಿನ ಕಾಯಿಲೆಯಿಂದಲೇ ಸ್ವಾಮಿ ಅಂತ ಐದು ತಿಂಗಳೊಳಗೆ ಮರೀದೆ ಪ್ರೂವ್ ಮಾಡಿದ್ರೆ ಪಾಲಿಸಿಗೆ ಮತ್ತೆ ಜೀವ ಬರುತ್ತೆ. ಈ ಸಾಲು ಬರೆದವರ ಮುಖ ಒಂದ್ಸಲ ನೋಡ್ಬೇಕು ಅಂತ ನನಗೆ ಬಹಳ ಆಸೆ.

ಇರಲಿ, ಪರೀಕ್ಷೆ ದಿನಕ್ಕೆ ಬರೋಣ. ದೊಡ್ಡಮ್ಮ ಬಿದ್ದು ಸೊಂಟದ ಮೂಳೆ ಮುರ್ಕೊಂಡು ಎರಡು ವರ್ಷ ಆಯ್ತು, ಅವತ್ತಿಂದ ಸ್ನಾನ ಮಾಡಿಸೋದು, ಸೀರೆ ಉಡಿಸೋದು ಎಲ್ಲ ನಮ್ಮಕ್ಕನೇ, ಅಂದ್ರೆ ಅವರ ಮಗಳು. ನರ್ಸ್ ಬರ್ತಾಳೆ ಅಂತ ಗೊತ್ತಾಗಿದ್ದೇ ತಡ ಬೆಳಿಗ್ಗೆ ಏಳಕ್ಕೇ ತಲೆಗೆ ಸ್ನಾನ ಮಾಡಿಸು ಅಂದ್ರಂತೆ, ಬೀರುವಿಂದ ರೇಷ್ಮೆ ಸೀರೆ ತೆಗೆಸಿ ನೆರಿಗೆ ಸರಿ ಬರೋವರೆಗೂ ಮೂರು ಸಲ ಉಡಿಸಿಕೊಂಡ್ರಂತೆ, ಕುಂಕುಮ ಇಟ್ಕೊಂಡು ಬಳೆ ಹಾಕ್ಕೊಂಡು ಸಭಾ ಅಧ್ಯಕ್ಷರ ಥರ ಕೂತ್ರು. ವಿಡಿಯೋ ಕಾಲಲ್ಲಿ ನಾನೂ ಇದ್ದೆ. ಫೇಲ್ ಆಗೋಕೆ ಇಷ್ಟು ಚಂದ ರೆಡಿಯಾದೋರನ್ನ ನಾನಂತೂ ನೋಡಿಲ್ಲ.

ನರ್ಸ್ ಕೇಳಿದ್ಲು, ನಿಮಗೆ ಬಟ್ಟೆ ಹಾಕ್ಕೊಳ್ಳೋಕೆ ಯಾರ್ ಹೆಲ್ಪ್ ಮಾಡ್ತಾರೆ ಅಂತ. ದೊಡ್ಡಮ್ಮ ಎದೆ ಸೆಟೆಸಿ, "ಐ ಓನ್ಲಿ" ಅಂದ್ರು. ಅಕ್ಕ ಹಿಂದಿಂದ ಕೆಮ್ಮಿದ್ಲು. ದೊಡ್ಡಮ್ಮ ತಿರುಗಿ, "ಯಾಕೇ, ಕಷಾಯ ಕುಡಿಬಾರ್ದಾ?" ಅಂತ ಕೇಳಿ ಮತ್ತೆ ನರ್ಸ್ ಕಡೆ ತಿರುಗಿ ನಕ್ರು. ಮೂವತ್ತೈದು ವರ್ಷ ಮೇಷ್ಟ್ರಾಗಿದ್ದೋರು, ಪರೀಕ್ಷೆ ಅಂದ್ರೆ ಫಸ್ಟ್ ಕ್ಲಾಸ್ ಬರೋದು ಅಂತಷ್ಟೇ ಗೊತ್ತು. ಇಷ್ಟು ಸಾಲದು ಅಂತ ಮನೆಗೆ ಬಂದೋರಿಗೆ ಏನೂ ಕೊಡದೆ ಕಳಿಸೋದಾ ಅಂದ್ಕೊಂಡು ಅಕ್ಕ ತಡೆಯೋದ್ರೊಳಗೆ ವಾಕರ್ ಹಿಡ್ಕೊಂಡು ಎದ್ದು ಕಾಫಿ ಮಾಡೋಕೆ ಹೊರಟೇಬಿಟ್ರು. ಕುರ್ಚಿಯಿಂದ ತಾವೇ ಎದ್ರಲ್ಲ, ನರ್ಸ್ ಟಕ್ ಅಂತ ಟಿಕ್ ಹಾಕಿದ್ಲು. ಅಂದಹಾಗೆ ಕಾಫಿ ಮಾಡೋಕೆ ಬಂದ್ರೂ ಬರದಿದ್ರೂ ಮಾರ್ಕ್ಸ್ ಇಲ್ಲ, ಅಡುಗೆ, ಮಾತ್ರೆ ಡಬ್ಬಿ, ಬ್ಯಾಂಕಿನ ಕೆಲಸ ಇವೆಲ್ಲ ಸಿಲಬಸ್ಸಿಗೇ ಬರಲ್ಲ. ಒಲೆ ಆರಿಸೋದು ಮರೆತು ಮನೆ ಸುಟ್ಕೊಂಡ್ರೂ ಆ ಆರರ ಲೆಕ್ಕಕ್ಕಿಲ್ಲ, ಸುಡ್ತಿರೋ ಮನೆಯಿಂದ ಎದ್ದು ಹೊರಗೆ ಬರೋಕೆ ಆಗದಿದ್ರೆ ಮಾತ್ರ ಒಂದು ಸಬ್ಜೆಕ್ಟು.

ರಿಸಲ್ಟು: ಸ್ನಾನ ಒಂದರಲ್ಲಿ ಮಾತ್ರ ಫೇಲು. ಒಂದು ಕಮ್ಮಿ ಬಿತ್ತು. ಕ್ಲೈಮ್ ರಿಜೆಕ್ಟ್.

ಈ ಪಾಲಿಸಿ ಮಾಡ್ಸಿದ್ದು ದೊಡ್ಡಪ್ಪ, 1998ರಲ್ಲಿ. ಬೆಂಕಿ ಬಿದ್ದಾಗ ಬಾವಿ ತೋಡಬಾರದು ಅನ್ನೋ ಜಾತಿ ಮನುಷ್ಯ ಅವ್ರು, ಅದಕ್ಕೇ ಮುಂಚೇನೇ ಬಾವಿ ತೋಡಿಸಿದ್ರು. ಬಿಂದಿಗೆ ಇಳಿಸೋಕೆ ಮೊದಲು ಫಾರಂ ತುಂಬ್ಬೇಕು, ನೀರು ಬರೋದು 90 ದಿನ ಆದ್ಮೇಲೆ ಅನ್ನೋದು ಬೆಂಕಿ ಬಿದ್ಮೇಲೆ ಗೊತ್ತಾಯ್ತು.

ಅಲ್ಲ, ಸರ್ಕಾರದ ಮೆಡಿಕೇರ್ ಇದ್ಯಲ್ಲ ಅಂತೀರಾ? ವಯಸ್ಸಾದೋರಿಗೆ ಸರ್ಕಾರ ಕೊಡೋ ಆರೋಗ್ಯ ವಿಮೆ ಅದು, 1965ರಲ್ಲೇ ಕಾನೂನಾಯ್ತು. ಆಪರೇಷನ್ ಮಾಡಿಸುತ್ತೆ, ಸ್ನಾನ ಮಾಡಿಸಲ್ಲ. ಆಸ್ಪತ್ರೆ ಆದ್ಮೇಲೆ ನರ್ಸಿಂಗ್ ಹೋಮಿಗೆ 20 ದಿನ ಪೂರ್ತಿ ಕೊಡುತ್ತೆ, 21ರಿಂದ 100ರವರೆಗೆ ದಿನಕ್ಕಿಷ್ಟು ಅಂತ ನೀವೂ ಕೈ ಸೇರಿಸ್ಬೇಕು, 101ನೇ ದಿನ ದೊಡ್ಡ ನಮಸ್ಕಾರ. ಅದಕ್ಕೂ ಮುಂಚೆ ಮೂರು ದಿನ ಅಡ್ಮಿಟ್ ಆಗಿರ್ಬೇಕು ಅನ್ನೋದು ಮಾಮೂಲಿ ಮೆಡಿಕೇರ್ ರೂಲು, ಆಸ್ಪತ್ರೆ ಗೌನ್ ಹಾಕ್ಕೊಂಡು ಆಸ್ಪತ್ರೆ ಮಂಚದ ಮೇಲೆ ಮೂರು ರಾತ್ರಿ ನರಳಿದ್ರೂ ಫೈಲಲ್ಲಿ 'ಅಬ್ಸರ್ವೇಶನ್' ಅಂತ ಇದ್ರೆ ನೀವು ಅಡ್ಮಿಟ್ಟೇ ಆಗಿಲ್ಲ, ಸುಮ್ನೆ ಮಲಗೋಕೆ ಬಂದಿದ್ರಿ. ಬಡವರಿಗೆ ಅಂತ ಇರೋ ಸರ್ಕಾರಿ ವಿಮೆ ಮೆಡಿಕೇಡ್ ಕೊಡುತ್ತೆ ನಿಜ, ಆದ್ರೆ ಅದಕ್ಕೆ ಬಹಳ ರಾಜ್ಯಗಳಲ್ಲಿ ಕೈಯಲ್ಲಿ 2,000 ಡಾಲರಿಗಿಂತ ಜಾಸ್ತಿ ಇರಬಾರದು, ಮಕ್ಕಳಿಗೆ ಕೊಟ್ಟು ಬಡವರಾಗ್ತೀವಿ ಅಂದ್ರೆ ಹಿಂದಿನ ಐದು ವರ್ಷದ ಪಾಸ್‌ಬುಕ್ ಕೆದಕ್ತಾರೆ. ಒಂದು ವರ್ಷ ನರ್ಸಿಂಗ್ ಹೋಮಲ್ಲಿ ಸ್ವಂತ ರೂಮಲ್ಲಿದ್ರೆ ಲಕ್ಷ ಡಾಲರ್ ದಾಟುತ್ತೆ, ಹಾಗಾಗಿ ಬಡವರಾಗೋಕೆ ಯಾರೂ ಹೆಚ್ಚು ಕಷ್ಟ ಪಡಬೇಕಿಲ್ಲ.

ಒಬಾಮಾ ಕಾಲದಲ್ಲಿ 2010ರಲ್ಲಿ ಕ್ಲಾಸ್ ಆಕ್ಟ್ ಅಂತ ಲಾಂಗ್ ಟರ್ಮ್ ಕೇರ್‌ಗೇ ಒಂದು ಸರ್ಕಾರಿ ವಿಮೆ ಸ್ಕೀಮ್ ಪಾಸಾಗಿತ್ತು. ಮಾರನೇ ವರ್ಷ ಲೆಕ್ಕ ಹಾಕಿ ನೋಡಿದ್ರು, ಕೂಡ್ಲಿಲ್ಲ, 2013ರ ಜನವರಿಯಲ್ಲಿ ಎತ್ತಿಹಾಕಿದ್ರು. ಲೆಕ್ಕ ಮೊದಲು, ಕಾನೂನು ಆಮೇಲೆ ಅನ್ನೋ ಕ್ರಮ ಯಾಕೋ ಇಲ್ಲಿ ನಡೀಲಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟ ಆಗೋದು ಮಾತ್ರ ಪ್ರೀಮಿಯಂ ಏರಿಸೋ ಕಾಗದ. ತೊಂಬತ್ತರ ದಶಕದಲ್ಲಿ ಈ ಪಾಲಿಸಿ ಮಾರೋವಾಗ ಕಂಪನಿಗಳು ಏನು ಲೆಕ್ಕ ಹಾಕಿದ್ವು ಅಂದ್ರೆ, ಒಂದಷ್ಟು ಜನ ನಾಲ್ಕೈದು ವರ್ಷ ದುಡ್ಡು ಕಟ್ಟಿ ಬೇಜಾರಾಗಿ ಬಿಟ್ಟೋಗ್ತಾರೆ, ಅವರ ದುಡ್ಡು ನಮಗೆ, ಇನ್ನೊಂದಷ್ಟು ಜನ ಬೇಗ ಹೋಗ್ತಾರೆ, ಉಳಿದಿದ್ದನ್ನ ಬಡ್ಡಿ ನೋಡ್ಕೊಳ್ಳುತ್ತೆ. ಜನ ನೋಡಿದ್ರೆ ಹಲ್ಲು ಕಚ್ಕೊಂಡು ಪಾಲಿಸಿ ಹಿಡ್ಕೊಂಡೇ ಕೂತ್ರು, ಸಾಯ್ಲೂ ಇಲ್ಲ, ಬಡ್ಡಿ ದರ ನೆಲ ಕಚ್ತು. ಪೆನ್ ಟ್ರೀಟಿ ಅನ್ನೋ ಕಂಪನಿಯನ್ನ 2017ರಲ್ಲಿ ಕೋರ್ಟೇ ಮುಚ್ಚಿಸ್ತು, ಬಹಳ ಕಂಪನಿಗಳು ಹೊಸ ಪಾಲಿಸಿ ಮಾರೋದೇ ನಿಲ್ಲಿಸಿದ್ವು, ಉಳಿದೋರು ಹಳೇ ಗಿರಾಕಿಗಳಿಗೆ ಕಾಗದ ಬರೆದ್ರು. ದೊಡ್ಡಪ್ಪನಿಗೆ ಬಂದ ಕಾಗದ ನಾನೇ ಓದಿದೀನಿ. ಪಾಲಿಸಿದಾರರು ನಾವು ಅಂದ್ಕೊಂಡಿದ್ದಕ್ಕಿಂತ ಜಾಸ್ತಿ ಕಾಲ ಬದುಕ್ತಿದಾರೆ, ಅಂದ್ಕೊಂಡಷ್ಟು ಜನ ಪಾಲಿಸಿ ಬಿಡ್ತಿಲ್ಲ, ಆದ್ದರಿಂದ ಪ್ರೀಮಿಯಂ ಏರಿಸ್ತಿದೀವಿ, ರಾಜ್ಯದ ಇನ್ಶೂರೆನ್ಸ್ ಇಲಾಖೆ ಒಪ್ಪಿದೆ. ದೊಡ್ಡಪ್ಪ ಕನ್ನಡಕ ತೆಗೆದಿಟ್ಟು, "ನಾವಿನ್ನೂ ಸಾಯದೇ ಇರೋದಕ್ಕೆ ಬೇಜಾರಾಗಿದೆಯಂತೆ ಕಣೇ ಇವ್ರಿಗೆ" ಅಂದಿದ್ರು.

ಜೊತೆಗೆ ಮೂರು ಆಯ್ಕೆ. ಏರಿಸಿದಷ್ಟು ಕಟ್ಟಿ. ಅಥವಾ ವರ್ಷಕ್ಕೆ 5% ಬೆಳೀತೀನಿ ಅಂದಿದ್ದ ಕವರೇಜನ್ನ ನೀವೇ ಕೈಯಾರೆ ಕತ್ತರಿಸ್ಕೊಳ್ಳಿ. ಅಥವಾ ಕಟ್ಟೋದೇ ನಿಲ್ಸಿ, ಇದುವರೆಗೂ ಕಟ್ಟಿರೋ ಅಷ್ಟೇ ದುಡ್ಡಿನ ಕವರ್ ಇಟ್ಕೊತೀವಿ, ಬಡ್ಡಿ ಗಿಡ್ಡಿ ಕೇಳ್ಬೇಡಿ. ದೊಡ್ಡಪ್ಪ ಕಟ್ಟಿದ್ರು. ಮತ್ತೆರಡು ಸಲ ಬಂತು, ಆಗಲೂ ಕಟ್ಟಿದ್ರು. ಆಮೇಲೊಂದು ದಿನ ಊಟ ಮಾಡಿ ಮಲಗಿದೋರು ಏಳ್ಲಿಲ್ಲ. ಆರಕ್ಕೆ ಆರೂ ಪಾಸು, ಒಂದು ಸೆಂಟ್ ಕ್ಲೈಮ್ ಇಲ್ಲ, ಕಂಪನಿ ಮಟ್ಟಿಗೆ ಅಂಥ ಗಿರಾಕಿ ಮತ್ತೆ ಹುಟ್ಟಿ ಬರ್ಬೇಕು.

ದೊಡ್ಡಮ್ಮನ ಸಪ್ಲಿಮೆಂಟರಿ ಹೋದ ತಿಂಗಳು ಆಯ್ತು. ಈ ಸಲ ಅಕ್ಕ ಮೊದಲೇ ಕೈ ಮುಗಿದು ಕೂತಿದ್ಲು, ಅಮ್ಮ ಒಂದೇ ಒಂದ್ಸಲ ನಿಜ ಹೇಳು ಅಂತ. ಬಟ್ಟೆ ಯಾರು ಹಾಕ್ತಾರೆ ಅಂದಾಗ ದೊಡ್ಡಮ್ಮ ಸೆರಗಿನ ತುದಿ ತಿರುಚ್ತಾ ಸ್ವಲ್ಪ ಹೊತ್ತು ಸುಮ್ನಿದ್ರು, ಆಮೇಲೆ ಸಣ್ಣ ದನಿಯಲ್ಲಿ "ಡಾಟರ್" ಅಂದ್ರು. ಎರಡು ಫೇಲು. ಪಾಸು.

ಈಗ 90 ದಿನದ ಕಾಯೋ ಆಟ, ಅದು ಮುಗಿಯೋವರೆಗೂ ಕಂಪನಿ ದುಡ್ಡು ಕೊಡಲ್ಲ. ಅವರ ಪಾಲಿಸಿಯಲ್ಲಿ ಕ್ಯಾಲೆಂಡರ್ ದಿನ ಲೆಕ್ಕಕ್ಕಿಲ್ಲ, ಲೈಸೆನ್ಸ್ ಇರೋ ಏಜೆನ್ಸಿಯಿಂದ ದುಡ್ಡು ಕೊಟ್ಟು ಕರೆಸಿದೋರು ಬಂದ ದಿನ ಮಾತ್ರ ಒಂದು ದಿನ. ಅಕ್ಕ ಎರಡು ವರ್ಷ ಮಾಡಿದ್ದು ಒಟ್ಟು ಸೊನ್ನೆ ದಿನ. ಹೆಲ್ಪರ್ ವಾರಕ್ಕೆ ಮೂರು ಸಲ ಬರ್ತಾಳೆ, ಅಂದ್ರೆ ಮೂವತ್ತು ವಾರ, ಆ ಖರ್ಚೆಲ್ಲ ಮನೆಯಿಂದಲೇ. ಫ್ರಿಜ್ ಮೇಲೆ ಚೀಟಿ ಅಂಟಿಸಿ ಗೀಟು ಹಾಕ್ತಿದಾರೆ, ಇವತ್ತಿಗೆ ಹನ್ನೊಂದು.

ಒಂದೇ ಒಂದು ತೊಂದರೆ ಅಂದ್ರೆ, ಹೆಲ್ಪರ್ ಬರೋದು ಒಂಬತ್ತಕ್ಕೆ, ದೊಡ್ಡಮ್ಮ ಏಳಕ್ಕೇ ಅಕ್ಕನ ಕೈಲಿ ಸ್ನಾನ ಮಾಡಿಸ್ಕೊಂಡು ಸೀರೆ ಉಟ್ಟು ರೆಡಿಯಾಗಿ ಕೂತಿರ್ತಾರೆ, ಹೊರಗಿನೋರ ಮುಂದೆ ಹೇಗೆಂದ್ರೆ ಹಾಗೆ ಇರೋಕಾಗುತ್ತಾ ಅಂತ. ಇಬ್ಬರೂ ಕೂತು ಕಾಫಿ ಕುಡೀತಾರೆ. ಅಂಥ ದಿನ ಲೆಕ್ಕಕ್ಕೆ ಬರುತ್ತೋ ಇಲ್ವೋ ಅಂತ ಕೇಳೋಕೆ ಅಕ್ಕ ಕಂಪನಿಗೆ ಫೋನ್ ಮಾಡಿದಾಳೆ, ಮುಕ್ಕಾಲು ಗಂಟೆಯಿಂದ ಹೋಲ್ಡಲ್ಲಿ ಪಿಯಾನೋ ಕೇಳ್ತಿದಾಳೆ.